‘ತಿಳಸ್ತೀವಿ’ ಅನ್ನೋ ಉತ್ತರಕ್ಕೆ 41 ದಿನ: ಟಿಳಕವಾಡಿಯ ಒಂದು ವಧು-ವರ ಕೇಂದ್ರದ ಅನುಭವ

ಈ ಕೇಂದ್ರದ ಹೆಸರು ಬರೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಡೆಸುವವರು ನಮ್ಮ ಅವ್ವನ ಭಜನಾ ಮಂಡಳದವರು. ನನ್ನ ಮದುವೆ ಇನ್ನೂ ಆಗಿಲ್ಲ. ನನ್ನ ಫೈಲು ಅವರ ಕಪಾಟಿನಲ್ಲಿದೆ. ಕಾರಣ ಇಷ್ಟು ಸಾಕಲ್ವಾ?

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಝೆರಾಕ್ಸ್ ಅಂಗಡಿ, ಅದರ ಮೇಲೆ ಒಂದೇ ಕೋಣೆ. ಐದು ಪ್ಲಾಸ್ಟಿಕ್ ಕುರ್ಚಿ, ಒಂದು ಕಬ್ಬಿಣದ ಕಪಾಟು, ಗೋಡೆಗೆ ಪಂಚಾಂಗದ ಕ್ಯಾಲೆಂಡರ್. ಪ್ರತಿ ಅಮಾವಾಸ್ಯೆಗೂ ಕೆಂಪು ಪೆನ್ನಿನಲ್ಲಿ ದಪ್ಪ ಸುತ್ತು. ಕೇಂದ್ರದ ಹಿರಿಯರನ್ನು ಬರುವವರೆಲ್ಲ ಕಾಕೂ, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ನನಗೆ 33. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ವಿಭಾಗ. ಅದಕ್ಕೂ ಮುಂಚೆ ನಾಲ್ಕು ವರ್ಷ ಜಪಾನಿನ ಐಚಿ ಪ್ರಾಂತ್ಯದಲ್ಲಿ, ಕಾರಿನ ಬಿಡಿಭಾಗ ಎರಕ ಹೊಯ್ಯುವ ಕಾರ್ಖಾನೆಯಲ್ಲಿದ್ದೆ. ನಮ್ಮ ಲೈನಿನಲ್ಲಿ ಒಬ್ಬ ಕೊರಿಯಾದವನು, ಶಾಂಘೈಯಿಂದ ಬಂದ ಒಬ್ಬಳು, ಇಬ್ಬರು ವಿಯೆಟ್ನಾಂ ಹುಡುಗರು. ಮಧ್ಯಾಹ್ನ ಊಟಕ್ಕೆ ಕೂತರೆ ಎಲ್ಲರದೂ ಒಂದೇ ಗೋಳು: ಮನೆಯಲ್ಲಿ ಮದುವೆ ಯಾವಾಗ ಅಂತ ಕೇಳುತ್ತಿದ್ದಾರೆ. ಹೀಗಾಗಿ ಏಷ್ಯಾದಲ್ಲಿ ಯಾರ್ಯಾರು ಹೇಗೆ ಜೋಡಿಯಾಗುತ್ತಾರೆ ಅನ್ನೋದು ನನಗೆ ಸ್ವಲ್ಪ ಜಾಸ್ತಿನೇ ಗೊತ್ತು. ಅನುಭವ ಅಂತ ಕೇಳಬೇಡಿ.

ಫೀ ವರ್ಷಕ್ಕೆ 3,001 ರೂಪಾಯಿ. ಮೂರು ಸಾವಿರ ಫೋನಿನಿಂದ ಕಳಿಸಬಹುದು. ಆ ಮೇಲಿನ ಒಂದು ರೂಪಾಯಿ ಮಾತ್ರ ನಾಣ್ಯವೇ ಆಗಬೇಕು. ಕಾಕೂ ಅದನ್ನು ಗಣಪತಿ ಫೋಟೋ ಮುಂದಿನ ತಟ್ಟೆಯಲ್ಲಿ ಇಡುತ್ತಾರೆ. ನನಗೆ ಇದು ಹೊಸದೇನಲ್ಲ. ಜಪಾನಿನಲ್ಲಿ ಗೆಳೆಯನೊಬ್ಬನ ಮದುವೆಗೆ ಹೋದಾಗ ಲಕೋಟೆಯಲ್ಲಿ 30,000 ಯೆನ್ ಇಟ್ಟಿದ್ದೆ. ಹತ್ತು ಸಾವಿರದ ಮೂರು ನೋಟು, ಬ್ಯಾಂಕಿನಿಂದ ತಂದ ಗರಿಗರಿ ಹೊಸವು. ಎರಡು ನೋಟು ಇಡಬಾರದು, ಸಮ ಪಾಲಾಗುತ್ತದೆ, ಜೋಡಿ ಒಡೆಯುತ್ತದೆ ಅಂತ ಅವರ ನಂಬಿಕೆ. ನಾವು ಒಂದು ರೂಪಾಯಿ ಸೇರಿಸಿ ತಪ್ಪಿಸುತ್ತೇವೆ, ಅವರು ನೋಟು ಎಣಿಸಿ ತಪ್ಪಿಸುತ್ತಾರೆ. ಫೀ ಬಗ್ಗೆ ನನ್ನ ತಕರಾರಿಲ್ಲ.

ಫಾರ್ಮ್ ಎರಡು ಪುಟ. ನಕ್ಷತ್ರ, ರಾಶಿ, ಬೆಡಗು (ಗೋತ್ರದ ಹಾಗೆ, ವಂಶದ ಗುರುತು), ಎತ್ತರ, ಬಣ್ಣ, ಪಗಾರ, ಸ್ವಂತ ಮನೆ. ಹೊಲ ಎಷ್ಟು ಎಕರೆ. ನೀರಾವರಿಯೋ ಖುಷ್ಕಿಯೋ. ಕೊನೆಗೆ ‘ಅಪೇಕ್ಷೆ’ ಅಂತ ಒಂದೇ ಒಂದು ಗೆರೆ. ಆ ಗೆರೆಯ ಮೇಲೆ ಏನು ಬರೆಯಲಿ ಅಂತ ಪೆನ್ನು ಹಿಡಿದು ಕೂತಿದ್ದೆ. ಕಾಕೂ ತಾವೇ ಹೇಳಿದರು: “ಸುಸಂಸ್ಕೃತ ಕುಟುಂಬ ಅಂತ ಬರಿ. ಎಲ್ಲಾರೂ ಅದನ್ನ ಬರೀತಾರ.” ಬರೆದೆ.

ಈ ಫಾರ್ಮಿನ ಫೋಟೋ ಶಾಂಘೈ ಗೆಳತಿಗೆ ಕಳಿಸಿದೆ. “ಇದು ನಮ್ಮ ಛತ್ರಿ ಕಾಗದ” ಅಂತ ಉತ್ತರ ಬಂತು. ಶಾಂಘೈ ನಗರದ ನಡುವೆ ಪೀಪಲ್ಸ್ ಪಾರ್ಕ್ ಅಂತ ಇದೆ. ಶನಿವಾರ, ಭಾನುವಾರ ಅಲ್ಲಿ ಅಪ್ಪ ಅಮ್ಮಂದಿರು ಬಂದು ಛತ್ರಿ ಬಿಚ್ಚಿ ನೆಲದ ಮೇಲೆ ಇಡುತ್ತಾರೆ. ಛತ್ರಿಗೆ ಮಗನ ಅಥವಾ ಮಗಳ ವಿವರದ ಕಾಗದ ಸಿಕ್ಕಿಸಿರುತ್ತಾರೆ. ಹುಟ್ಟಿದ ವರ್ಷ, ಎತ್ತರ, ಓದು, ಪಗಾರ, ಮನೆ ಇದೆಯೋ ಇಲ್ಲವೋ, ಶಾಂಘೈಯ ಹುಕೌ ಇದೆಯೋ ಇಲ್ಲವೋ. ಹುಕೌ ಅಂದರೆ ಸರಕಾರಿ ವಾಸದ ದಾಖಲೆ. ನಮ್ಮ ನೀರಾವರಿ ಹೊಲಕ್ಕೆ ಇರುವ ತೂಕ ಅಲ್ಲಿ ಅದಕ್ಕಿದೆ. ಎಷ್ಟೋ ಮಕ್ಕಳಿಗೆ ತಮ್ಮ ಕಾಗದ ಅಲ್ಲಿ ಕೂತಿದೆ ಅನ್ನೋದೇ ಗೊತ್ತಿರುವುದಿಲ್ಲ. ನನ್ನ ಗೆಳತಿಗೂ ಗೊತ್ತಿರಲಿಲ್ಲ. ಹಳೇ ಸಹಪಾಠಿಯೊಬ್ಬನ ತಾಯಿ ಫೋನ್ ಮಾಡಿ “ನಿನ್ನ ಎತ್ತರ ಎರಡು ಸೆಂಟಿಮೀಟರ್ ಜಾಸ್ತಿ ಬರೆದಿದ್ದಾರಲ್ಲ” ಅಂದಾಗ ತಿಳಿಯಿತಂತೆ.

ಕಪಾಟಿನಲ್ಲಿ ಫೈಲುಗಳಿಗೆ ಬಣ್ಣ ಇದೆ. ಹಸಿರು, ಹಳದಿ, ನೀಲಿ. ಜಾತಿಗೊಂದು ಬಣ್ಣ. ಬೇರೆ ಬಣ್ಣದ ಫೈಲು ಒಮ್ಮೆ ನೋಡಬಹುದಾ ಅಂತ ಕೇಳಿದೆ. “ನಿಮ್ಮ ಅವ್ವನ್ನ ಕೇಳಿ ಬಾ, ಆಮೇಲೆ ತೋರಸ್ತೀನಿ” ಅಂದರು. ಅವ್ವನನ್ನು ಕೇಳಿದೆ. ಎರಡು ದಿನ ಮನೆಯಲ್ಲಿ ಚಹಾದ ಕಪ್ಪು ಸ್ವಲ್ಪ ಜೋರಾಗಿ ಸದ್ದು ಮಾಡಿತು. ಅದಕ್ಕೆ ಕೇಂದ್ರದ ಅಂಕ ಕಡಿಮೆ ಮಾಡಿದರೆ ತಪ್ಪಾಗುತ್ತದೆ. ಆ ಅಂಕ ನಮ್ಮ ಮನೆಯದು.

ಇನ್ನು ಬೆಡಗು. ಎರಡನೇ ತಿಂಗಳಲ್ಲಿ ಒಂದು ಒಳ್ಳೆ ಪ್ರೊಫೈಲ್ ಬಂತು. ಸವದತ್ತಿ ಕಡೆಯವರು, ನನ್ನ ಹಾಗೇ ಇಂಜಿನಿಯರ್. ಕಾಕೂ ಕಾಗದ ನೋಡಿ ತಕ್ಷಣ ಮಡಚಿಟ್ಟರು. “ಒಂದ ಬೆಡಗು. ಅಣ್ಣ ತಂಗಿ ಆಗ್ತೀರಿ.” ಊಟದ ಟೇಬಲ್ಲಿನ ಕೊರಿಯಾದ ಗೆಳೆಯ ನೆನಪಾದ. ಅವನದು ಗಿಮ್ಹೇ ಕಿಮ್ ವಂಶ, ಲಕ್ಷಗಟ್ಟಲೆ ಜನರಿರುವ ಕುಲ. ಅಡ್ಡಹೆಸರು ಒಂದೇ, ಮೂಲ ಊರೂ ಒಂದೇ ಆದರೆ ಅಲ್ಲಿ ಮದುವೆಗೆ ಕಾನೂನಿನದೇ ಅಡ್ಡಿ ಇತ್ತು. ಗುರುತು ಪರಿಚಯ ಇಲ್ಲದ ಹುಡುಗ ಹುಡುಗಿ ಪ್ರೀತಿಸಿ, ಆಮೇಲೆ ಇಬ್ಬರೂ ಗಿಮ್ಹೇ ಕಿಮ್ ಅಂತ ತಿಳಿದರೆ ಮದುವೆಯ ನೋಂದಣಿಯೇ ಆಗುತ್ತಿರಲಿಲ್ಲ. 1997ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಇದು ಸರಿಯಲ್ಲ ಅಂದಿತು. 2005ರಲ್ಲಿ ಕಾನೂನನ್ನೇ ಬದಲಿಸಿದರು. ನಮ್ಮಲ್ಲಿ ಸಗೋತ್ರದ ಅಡ್ಡಿಯನ್ನು ಕಾನೂನು 1946ರಲ್ಲೇ ತೆಗೆದಿದೆ. ಕಾಕೂ ತೆಗೆದಿಲ್ಲ.

ಅದೇ ಕೊರಿಯಾದವನಿಗೆ ಒಮ್ಮೆ, ನಮ್ಮ ಕಡೆ ಸೋದರಮಾವನ ಮಗಳ ಮೇಲೆ ಮೊದಲ ಹಕ್ಕು ಅತ್ತೆಯ ಮಗನದು ಅಂತಾರೆ ಅಂದೆ. ಚಮಚ ಅರ್ಧಕ್ಕೆ ನಿಂತಿತು. ಅವರಲ್ಲಿ ಎಂಟನೇ ಸುತ್ತಿನ ರಕ್ತಸಂಬಂಧದವರೆಗೂ ಮದುವೆ ಇಲ್ಲ. ಪಕ್ಕದಲ್ಲಿದ್ದ ಜಪಾನಿನ ಹಿರಿಯ ಸಹೋದ್ಯೋಗಿ ಮಾತ್ರ ತಣ್ಣಗೆ “ನಮ್ಮಲ್ಲಿ ಕಾನೂನಿನ ಅಡ್ಡಿ ಇಲ್ಲ” ಅಂದು ನೂಡಲ್ಸ್ ತಿನ್ನುತ್ತಾ ಹೋದರು.

ಮೊದಲ ಭೇಟಿ ಬೈಲಹೊಂಗಲ ಕಡೆಯ ಒಂದು ಹಳ್ಳಿಯಲ್ಲಿ. ಕನ್ಯಾ ನೋಡಲು ಒಂದು ಕ್ರೂಸರ್‌ನಲ್ಲಿ ಒಂಬತ್ತು ಜನ ಹೋದೆವು. ಮದುವೆಯಾಗುವವನು ನಾನು ಒಬ್ಬನೇ, ಆದರೂ ಕಿಟಕಿ ಪಕ್ಕದ ಸೀಟು ಮಾಮಾನಿಗೆ. ಶಿರಾ, ಉಪ್ಪಿಟ್ಟು, ಚೂಡಾ, ಆಮೇಲೆ ಚಹಾ. ಹುಡುಗಿ ಟ್ರೇ ಹಿಡಿದು ಬಂದಳು. ಬಳೆ ಸ್ಟೀಲ್ ಟ್ರೇಗೆ ತಾಗಿ ಸಣ್ಣಗೆ ಟಿಣ್ ಟಿಣ್ ಅನ್ನುತ್ತಿತ್ತು. ಕೈ ನಡುಗುತ್ತಿದೆ ಅಂತ ನನಗೆ ಗೊತ್ತಾಯಿತು. ನನ್ನ ಕಪ್ಪೂ ಬಸಿಯಲ್ಲಿ ಅದೇ ಸದ್ದು ಮಾಡುತ್ತಿತ್ತು. ನಮ್ಮ ಕಾಕಾ ಕೈಯಲ್ಲಿ ಬಯೋಡೇಟಾ ಹಿಡಿದುಕೊಂಡೇ “ಹೆಸರೇನವ್ವಾ?” ಅಂತ ಕೇಳಿದರು.

ಮಾತಾಡಲಿ ಅಂತ ನಮ್ಮಿಬ್ಬರನ್ನು ಮಾಳಿಗೆಗೆ ಕಳಿಸಿದರು. ಹತ್ತು ನಿಮಿಷ. ನಡುವೆ ಆರು ವರ್ಷದ ಒಬ್ಬ ಪುಟ್ಟ, ಕಾವಲಿಗೆ. ಅವನು ಚೂಡಾದಿಂದ ಶೇಂಗಾ ಹೆಕ್ಕಿ ಸಾಲಾಗಿ ಜೋಡಿಸುತ್ತಿದ್ದ. ಅವಳು ಒಂದೇ ಪ್ರಶ್ನೆ ಕೇಳಿದಳು: “ನೀವು ಮತ್ತ ಹೊಳ್ಳಿ ಜಪಾನಿಗೆ ಹೋಗ್ತೀರೇನ್ರಿ?” ಇಲ್ಲ ಅಂದೆ. ಆ ಇಲ್ಲ ಕೇಳಿ ಅವಳಿಗೆ ಖುಷಿಯಾಯಿತೋ ಬೇಸರವಾಯಿತೋ ಇವತ್ತಿಗೂ ತಿಳಿದಿಲ್ಲ. ಕೆಳಗಿನಿಂದ ಕರೆ ಬಂತು. ಹೊರಡುವಾಗ ಅವರ ಅಪ್ಪ ಕೈಮುಗಿದು ಅಂದರು: “ತಿಳಸ್ತೀವ್ರಿ.”

ಹೀಗೆ ಶುರುವಾಯಿತು ಆ 41 ದಿನ. ಅವ್ವ ದಿನಾ ಸಂಜೆ ಫೋನ್ ಚಾರ್ಜ್ ಆಗಿದೆಯಾ ಅಂತ ನೋಡುತ್ತಿದ್ದಳು. ಕೇಂದ್ರಕ್ಕೆ ಹೋಗಿ ಕೇಳಿದರೆ “ಅಮಾಸಿ ಮುಗೀಲಿ ತಡಿ” ಅಂದರು. ಅಮಾವಾಸ್ಯೆ ಮುಗಿಯಿತು. “ಅವರ ಕಾಕಾ ಪುಣೆಕ್ಕ ಹೋಗ್ಯಾನಂತ.” ಕಾಕಾನೂ ವಾಪಸು ಬಂದಿರಬೇಕು. ಕೊರಿಯಾದಲ್ಲಿ ಜೋಡಿಯಾದ ದಿನದಿಂದ ಲೆಕ್ಕ ಹಿಡಿದು ನೂರನೇ ದಿನವನ್ನು ಹಬ್ಬದ ಹಾಗೆ ಆಚರಿಸುತ್ತಾರೆ. ನಾನು ದಿನ ಎಣಿಸಿದ್ದು ಬರೀ ಉತ್ತರಕ್ಕೆ. ಕೊನೆಗೆ ಆ ಹುಡುಗಿಯ ನಿಶ್ಚಯ ಆದ ಫೋಟೋ ಯಾರದೋ ವಾಟ್ಸಾಪ್ ಸ್ಟೇಟಸ್‌ನಲ್ಲಿ ಕಂಡಿತು. ನಮಗೆ ತಿಳಿಸಿದ್ದು ಆ ಸ್ಟೇಟಸ್ಸೇ.

ಬೇಡ ಅಂದಿದ್ದಕ್ಕೆ ನನಗೆ ಸಿಟ್ಟಿಲ್ಲ. ಬೇಡ ಅನ್ನಲೇ ಇಲ್ಲವಲ್ಲ, ಅದಕ್ಕೆ ಸಿಟ್ಟು. ನಡುವೆ ಒಂದು ಕೇಂದ್ರ ಇರುವುದು, ನಾವು 3,001 ಕೊಡುವುದು, ಮುಖ ನೋಡಿ ಹೇಳಲಾಗದ ಮಾತನ್ನು ಅವರು ದಾಟಿಸಲಿ ಅಂತ ತಾನೇ?

ಜಪಾನಿನ ಆ ಹಿರಿಯರ ಮದುವೆ ಒಮಿಯಾಯಿಯಲ್ಲಿ ಆದದ್ದು. ಒಮಿಯಾಯಿ ಅಂದರೆ ಅವರ ಕನ್ಯಾ ನೋಡುವ ಕಾರ್ಯಕ್ರಮ. ಹಿಂದೆ ನಕೋದೊ ಅಂತ ಒಬ್ಬ ಹಿರಿಯರು ನಡುವೆ ನಿಂತು ಮಾಡಿಸುತ್ತಿದ್ದರು. 1960ರ ದಶಕದ ಕೊನೆಗೆ ಅಲ್ಲಿ ಪ್ರೇಮವಿವಾಹಗಳ ಲೆಕ್ಕ ಒಮಿಯಾಯಿಯನ್ನು ದಾಟಿತು. ಈಗ ಉಳಿದಿರುವುದು ಹೆಚ್ಚಾಗಿ ಏಜೆನ್ಸಿಗಳ ಮೂಲಕ. ನಡೆಯುವ ರೀತಿ ಹೀಗೆ: ಒಂದು ದೊಡ್ಡ ಹೊಟೇಲಿನ ಲೌಂಜ್, ಒಂದೊಂದು ಕಾಫಿ, ಸುಮಾರು ಒಂದು ತಾಸು. ಮೊದಲ ದಿನವೇ ಪಗಾರ ಕೆದಕುವುದು, ಫೋನ್ ನಂಬರ್ ಕೇಳುವುದು ಮರ್ಯಾದೆ ಅಲ್ಲ. ಮನೆಗೆ ಹೋಗಿ, ಸಾಮಾನ್ಯವಾಗಿ ಮರುದಿನದೊಳಗೆ, ಇಬ್ಬರೂ ತಮ್ಮ ತಮ್ಮ ಏಜೆನ್ಸಿಗೆ ಹೌದು ಅಥವಾ ಇಲ್ಲ ಅಂತ ತಿಳಿಸಬೇಕು. ಇಲ್ಲ ಅಂದರೆ ನಡುವಿನವರು ಒಂದೇ ಮಾತಿನಲ್ಲಿ ದಾಟಿಸುತ್ತಾರೆ: ‘ಎನ್’ ಇರಲಿಲ್ಲ. ಎನ್ ಅಂದರೆ ನಾವು ಋಣಾನುಬಂಧ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಮಾತು ನಮ್ಮಲ್ಲೂ ಇದೆ. ಅದನ್ನು ಫೋನ್ ಮಾಡಿ ಹೇಳುವವರಿಲ್ಲ.

ಅವರ ಐದು ಯೆನ್ ನಾಣ್ಯಕ್ಕೆ ನಡುವೆ ತೂತು. ಐದು ಯೆನ್ನಿಗೆ ‘ಗೋಎನ್’ ಅಂತಾರೆ, ಋಣಾನುಬಂಧಕ್ಕೆ ಮರ್ಯಾದೆ ಸೇರಿಸಿ ಹೇಳಿದರೂ ‘ಗೋಎನ್’. ಅದಕ್ಕೇ ಗುಡಿಗೆ ಹೋದಾಗ ಅದನ್ನೇ ಹಾಕುತ್ತಾರೆ. ನನ್ನ ಪಾಕೀಟಿನಲ್ಲಿ ಇನ್ನೂ ಎರಡು ಉಳಿದಿವೆ. ಅಲ್ಲ, ಈಗ ಒಂದು.

ಎರಡನೇ ಭೇಟಿಗೆ ಬರೋಣ. ಈ ಕೇಂದ್ರದ ಬಗ್ಗೆ ಒಳ್ಳೆಯದು ಬರೆಯಬೇಕಾದದ್ದು ಇಲ್ಲೇ. 500 ರೂಪಾಯಿ ಹೆಚ್ಚಿಗೆ ಕೊಟ್ಟರೆ ‘ಹೊರಗಿನ ಭೇಟಿ’ ಅಂತ ಒಂದು ಸೌಲಭ್ಯ ಇದೆ. ಕ್ರೂಸರ್ ಇಲ್ಲ, ಶಿರಾ ಇಲ್ಲ. ಕಾಂಗ್ರೆಸ್ ರೋಡಿನ ಒಂದು ಕೆಫೆ, ಬೆಳಿಗ್ಗೆ 11ರಿಂದ 12. ಹುಡುಗಿಯ ಕಡೆಯಿಂದ ಒಬ್ಬರು ಬರಬಹುದು, ಆದರೆ ಎರಡು ಟೇಬಲ್ ಆಚೆ ಕೂರಬೇಕು. ಈ ನಿಯಮ ಕಾಕೂ ಅವರದೇ. ಅವಳ ಜೊತೆ ಬಂದ ಅತ್ತೆ ಇಡೀ ತಾಸು ನಮಗೆ ಬೆನ್ನು ಹಾಕಿ ಕೂತಿದ್ದರು. ಎದುರಿಗೆ ಕನ್ನಡಿಯ ಗೋಡೆ ಇತ್ತು, ಆ ಮಾತು ಬೇರೆ.

ಹುಡುಗಿ ಖಾನಾಪುರದ ಹೈಸ್ಕೂಲ್ ಶಿಕ್ಷಕಿ. ಬಂದವಳೇ “ಅಣ್ಣಾ, ಸಕ್ಕರಿ ಕಡಿಮಿ” ಅಂದಳು. ನಾನು ಗಾಬರಿಯಾಗಿ ತಲೆಯೆತ್ತಿದೆ. ವೇಟರ್‌ಗೆ ಹೇಳಿದ್ದು. ಅವಳಿಗೆ ನನ್ನ ಮುಖ ನೋಡಿ ನಗು ತಡೆಯಲಿಲ್ಲ. ಅಲ್ಲಿಂದ ಮಾತು ಸಲೀಸಾಯಿತು. ಕೊರಿಯಾದಲ್ಲಿ ಹುಡುಗಿಯರು ಸ್ವಂತ ಅಣ್ಣನಿಗೂ ‘ಒಪ್ಪಾ’ ಅಂತಾರೆ, ತಮಗಿಂತ ದೊಡ್ಡ ಪ್ರಿಯಕರನಿಗೂ ‘ಒಪ್ಪಾ’ ಅಂತಾರೆ ಅಂದೆ. ವಿಯೆಟ್ನಾಮಿನಲ್ಲಿ ಪ್ರೇಮಿಗಳು ಒಬ್ಬರನ್ನೊಬ್ಬರು ಕರೆಯುವುದೇ ಅಣ್ಣ, ತಂಗಿ ಅನ್ನೋ ಅರ್ಥದ ‘ಆನ್’, ‘ಎಮ್’ ಅಂತ. “ಅಯ್ಯ, ನಮ್ಮಲ್ಲೆ ಅಣ್ಣಾ ಅಂದ್ರ ಅಲ್ಲಿಗೆ ಮುಗೀತು. ಮುಂದಿನ ತಿಂಗಳ ರಾಖಿ” ಅಂದಳು.

ಜಪಾನಿನಲ್ಲಿ ಹುಡುಗ ಹುಡುಗಿ ತಾವೇ ಇಷ್ಟಪಟ್ಟರೆ ಹೇಗೆ ಕೇಳುತ್ತಾರೆ ಅಂದಳು. ಕೊಕುಹಾಕು ಬಗ್ಗೆ ಹೇಳಿದೆ. ಎರಡು ಮೂರು ಸಲ ಹೊರಗೆ ಭೇಟಿಯಾಗಿ, ಆಮೇಲೆ ಒಬ್ಬರು ಎದುರಿಗೆ ನಿಂತು ನೇರವಾಗಿ ಕೇಳಬೇಕು: ‘ತ್ಸುಕಿಯತ್ತೆ ಕುದಸಾಯಿ’. ನನ್ನ ಜೋಡಿ ಇರ್ತೀರಾ ಅಂದ ಹಾಗೆ. ಆ ಮಾತು ಆಡುವ ತನಕ ಎಷ್ಟು ಸಲ ಸಿನಿಮಾಕ್ಕೆ ಹೋಗಿದ್ದರೂ ಅವರು ಜೋಡಿ ಅಂತ ಲೆಕ್ಕಕ್ಕಿಲ್ಲ. ಕೇಳಿದ ಮೇಲೆ ಹೌದೋ ಅಲ್ಲವೋ ಅನ್ನೋದು ಸ್ಪಷ್ಟ. ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತಳು. “ಛಲೋ ಐತಿ. ನಮ್ಮಲ್ಲೆ ಹಾಲ್ ಬುಕ್ ಆದ ಮ್ಯಾಲ ಹುಡುಗಿಗೆ ಗೊತ್ತಾಗ್ತೈತಿ” ಅಂದಳು.

ಫೆಬ್ರವರಿ 14ಕ್ಕೆ ಜಪಾನಿನಲ್ಲಿ ಚಾಕೊಲೇಟ್ ಕೊಡುವುದು ಹೆಂಗಸರು. ಗಂಡಸರು ಮಾರ್ಚ್ 14ಕ್ಕೆ ತಿರುಗಿ ಕೊಡಬೇಕು. ಈ ಎರಡನೆಯದು 1970ರ ದಶಕದ ಕೊನೆಗೆ ಮಿಠಾಯಿ ವ್ಯಾಪಾರಿಗಳು ಹುಟ್ಟಿಸಿದ ಹಬ್ಬ. ಕೊರಿಯಾದವರು ಇನ್ನೊಂದು ಹೆಜ್ಜೆ ಮುಂದೆ. ಎರಡೂ ತಿಂಗಳು ಏನೂ ಸಿಗದವರು ಏಪ್ರಿಲ್ 14ಕ್ಕೆ ಕಪ್ಪು ಸಾಸಿನ ಜಾಜಾಂಗ್‌ಮ್ಯೊನ್ ನೂಡಲ್ಸ್ ತಿನ್ನುತ್ತಾರೆ. ಒಂಟಿಗಳ ದಿನ. “ಅವತ್ತು ಅಂಬೇಡ್ಕರ್ ಜಯಂತಿ, ನಮಗ ಸಾಲಿ ರಜಾ, ಖರೆ ಕಾರ್ಯಕ್ರಮಕ್ಕ ಹೋಗಬೇಕು” ಅಂದಳು ಶಿಕ್ಷಕಿ. ತೂತಿನ ನಾಣ್ಯ ತೋರಿಸಿದೆ. ಅದರ ತೂತಿನಿಂದ ಅತ್ತೆಯ ಬೆನ್ನನ್ನು ನೋಡಿ ವಾಪಸು ಕೊಟ್ಟಳು. ಬಿಲ್ಲು 260 ರೂಪಾಯಿ. ನಾನು ಕೊಡುತ್ತೇನೆ ಅಂದೆ. ಅರ್ಧ ತಾನು ಕೊಡುತ್ತೇನೆ ಅಂತ 130 ಟೇಬಲ್ ಮೇಲೆ ಇಟ್ಟಳು. ಆಚೆ ಟೇಬಲ್ಲಿನ ಅತ್ತೆಯ ಚಹಾ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ವೇಟರ್ ಮೆಟ್ಟಿಲ ತನಕ ಓಡಿ ಬಂದ.

ಮರುದಿನ ಹನ್ನೊಂದು ಹೊಡೆಯುವ ಮುಂಚೆ ಕಾಕೂ ಫೋನ್ ಮಾಡಿದರು. ಅವ್ವನಿಗಲ್ಲ, ನನಗೆ. ಶಾಪ್ ಫ್ಲೋರಿನ ಸದ್ದಿನಿಂದ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಕೇಳಿದೆ. “ತಮ್ಮಾ, ಹುಡುಗಿ ಫೋನ್ ಮಾಡಿದ್ಲು. ಹುಡುಗ ಛಲೋ ಅದಾನ, ಮಾತಾಡಾಕ ಖುಷಿ ಆತು ಅಂದ್ಲು. ಖರೆ ಆಕಿಗೆ ಧಾರವಾಡದಾಗ ಪಿಎಚ್‌ಡಿ ಮಾಡೂದೈತಿ. ನಾಕ್ ವರ್ಷ ಮದುವಿ ಬ್ಯಾಡಂತ. ನಿನ್ನ ಕಾಯಿಸೂದು ಸರಿ ಅಲ್ಲ ಅಂದ್ಲು.” ಅಷ್ಟೇ. ಒಂದು ನಿಮಿಷವೂ ಆಗಲಿಲ್ಲ. ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಸಂಜೆ ಕಾಲು ಕಿಲೋ ಕುಂದಾ ತಂದು ಅವ್ವನ ಜೊತೆ ತಿಂದೆ. ರಾತ್ರಿ ನಿದ್ದೆ ಬಂತು. ಆ 41 ದಿನಗಳಲ್ಲಿ ಸರಿಯಾಗಿ ಬಂದಿರಲಿಲ್ಲ.

ಕಾಕೂಗೆ ಇದು ಚೆನ್ನಾಗಿ ಬರುತ್ತದೆ ಅಂತ ನನಗೆ ತಿಳಿದದ್ದು ಅವತ್ತೇ. ಮತ್ತೆ ಮೊದಲ ಸಲ ಯಾಕೆ ಹಾಗಾಯಿತು? ಕೇಳಿದೆ. “ಅವರ ಅಪ್ಪ ನನಗೂ ಹೇಳಿದ್ದಿಲ್ಲೋ” ಅಂದರು.

ಈಗ ದೂರು. ಹಳೇ ಫೈಲುಗಳನ್ನು ತೆಗೆಯುವುದಿಲ್ಲ. ಒಂದು ಮನೆಗೆ ಫೋನ್ ಮಾಡಿದರೆ ಹುಡುಗಿಯೇ ಎತ್ತಿದಳು, ಹಿಂದೆ ಕೂಸು ಅಳುತ್ತಿತ್ತು, ಅವಳದೇ ಕೂಸು. ಇದು ಎರಡು ಸಲ ಆಗಿದೆ. ನನ್ನ ನಂಬರನ್ನು ಕೇಳದೇ ಯಾರ್ಯಾರಿಗೋ ಕೊಟ್ಟಿದ್ದಾರೆ. ರಾತ್ರಿ ಹತ್ತಕ್ಕೆ ಒಬ್ಬರು ಫೋನ್ ಮಾಡಿ ಹೆಸರೂ ಹೇಳದೆ “ಕೈಗೆ ಎಷ್ಟು ಬರ್ತೈತಿ?” ಅಂತ ಕೇಳಿದರು. ಪಗಾರ, ಓದು, ಏನನ್ನೂ ಪರೀಕ್ಷೆ ಮಾಡುವುದಿಲ್ಲ. ಬರೆದದ್ದೇ ಖರೆ. ಟೋಕಿಯೋ ನಗರಾಡಳಿತ 2024ರಲ್ಲಿ ತನ್ನದೇ ಒಂದು ಮದುವೆ ಆ್ಯಪ್ ಶುರು ಮಾಡಿದೆ. ಹೆಸರು ಟೋಕಿಯೋ ಎನ್‌ಮುಸುಬಿ. ಎನ್ ಗಂಟು ಹಾಕುವುದು ಅಂತ ಅರ್ಥ, ನಮ್ಮ ಬ್ರಹ್ಮಗಂಟು. ಅದಕ್ಕೆ ಸೇರಬೇಕಾದರೆ ಮದುವೆಯಾಗಿಲ್ಲ ಅನ್ನುವ ಸರಕಾರಿ ಪತ್ರ ಬೇಕು, ಆದಾಯದ ಪತ್ರ ಬೇಕು, ಸಂದರ್ಶನವೂ ಇದೆ. ಎರಡು ವರ್ಷಕ್ಕೆ 11,000 ಯೆನ್, ನಮ್ಮ ಲೆಕ್ಕದಲ್ಲಿ ಆರು ಸಾವಿರದ ಚಿಲ್ಲರೆ. ಕಾಕೂ ವರ್ಷಕ್ಕೆ ಮೂರು ಸಾವಿರ ತಗೊಳ್ಳುತ್ತಾರೆ. ರೇಟು ಹೆಚ್ಚುಕಡಿಮೆ ಒಂದೇ ಆಯಿತಲ್ಲ, ಹಾಗಾದರೆ ವರ್ಷಕ್ಕೊಮ್ಮೆ ಎಲ್ಲರಿಗೂ ಒಂದು ಫೋನ್ ಮಾಡಿ ‘ನಿಂದು ಆತೇನು?’ ಅಂತ ಕೇಳಲು ಏನು ಕಷ್ಟ?

ಇದನ್ನೆಲ್ಲ ಅವರೆದುರಿಗೇ ಹೇಳಿದೆ, ಕಳೆದ ವಾರ ಫೀ ಮತ್ತೆ ಕಟ್ಟಲು ಹೋದಾಗ. ಹೌದು, ಮತ್ತೆ ಕಟ್ಟಿದೆ. ಜೇಬಿನಲ್ಲಿ ಒಂದು ರೂಪಾಯಿ ನಾಣ್ಯ ಇರಲಿಲ್ಲ. ಐದು ಯೆನ್ ಇಟ್ಟೆ. ಕಾಕೂ ಕನ್ನಡಕ ಮೇಲೆತ್ತಿ ನೋಡಿದರು. “ಇದೇನೋ, ತೂತಿನ ರೊಕ್ಕ. ನಮ್ಮ ಅಜ್ಜಿ ಕಡೆ ಇಂಥಾದ್ದೊಂದು ಇತ್ತು. ನಡೀತೈತೇನಿದು?” ಗೋಎನ್ ಕಥೆ ಹೇಳಿದೆ. ಗಣಪತಿ ತಟ್ಟೆಗೆ ಹೋಯಿತು.

ಆ ಹುರುಪಿನಲ್ಲೇ ನನ್ನ ಫಾರ್ಮಿನ ‘ಅಪೇಕ್ಷೆ’ ಗೆರೆಯಲ್ಲಿ ಸುಸಂಸ್ಕೃತ ಕುಟುಂಬ ಹೊಡೆದುಹಾಕಿ, ‘ಭೇಟಿಯಾದ ಮರುದಿನ ಸಂಜೆ ಆರರೊಳಗೆ ಹೌದು ಅಥವಾ ಇಲ್ಲ ತಿಳಿಸಬೇಕು, ನಾವೂ ತಿಳಿಸುತ್ತೇವೆ’ ಅಂತ ಬರೆಸಿದೆ. ಕಾಕೂ ತಲೆ ಅಲ್ಲಾಡಿಸುತ್ತಲೇ ಅಮಾವಾಸ್ಯೆಯ ಕೆಂಪು ಪೆನ್ನಿನಲ್ಲಿ ಬರೆದರು. ಇದನ್ನು ಓದಿ ಇಬ್ಬರು “ಹುಡುಗಗ ಬಾಳ ಅವಸರ ಐತಿ” ಅಂದರಂತೆ. ಗೋಕಾಕದ ಒಂದು ಮನೆಯವರು ಮಾತ್ರ ಒಪ್ಪಿದ್ದಾರೆ. ಮುಂದಿನ ಭಾನುವಾರ ಭೇಟಿ. ಅವ್ವ ತಾನೂ ಬರುತ್ತೇನೆ ಅಂದಳು, ಎರಡು ಟೇಬಲ್ ಆಚೆ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಹೋಗುವವರಿದ್ದರೆ: ಬೆಳಿಗ್ಗೆ 11ರಿಂದ 2ರವರೆಗೆ ತೆರೆದಿರುತ್ತದೆ, ಅಮಾವಾಸ್ಯೆ ರಜಾ. ಮೆಟ್ಟಿಲು ಕಡಿದಾಗಿವೆ, ಮೊಳಕಾಲು ನೋವಿನ ಹಿರಿಯರನ್ನು ಕರೆದೊಯ್ಯಬೇಡಿ. ಕಪಾಟಿನ ಫೈಲು ಬೇಡ, ಈ ವರ್ಷದ್ದೇ ತೋರಿಸಿ ಅನ್ನಿ. ಫೋನ್ ನಂಬರ್ ನಿಮ್ಮದೇ ಕೊಡಿ, ಅವ್ವನದಲ್ಲ. ಫೋಟೋ ಮಾತ್ರ ಮನೆಯಿಂದಲೇ ತೆಗೆದುಕೊಂಡು ಹೋಗಿ. ಅವರು ಹೇಳಿದ ಸ್ಟುಡಿಯೋದಲ್ಲಿ ತೆಗೆಸಿದ ನನ್ನ ಫೋಟೋ ಎಷ್ಟು ಬೆಳ್ಳಗೆ ಬಂದಿದೆ ಅಂದರೆ, ಬೈಲಹೊಂಗಲದಲ್ಲಿ ಕ್ರೂಸರ್‌ನಿಂದ ಇಳಿದಾಗ ಅವರು ಮೊದಲು ನಮಸ್ಕಾರ ಮಾಡಿದ್ದು ಡ್ರೈವರ್‌ಗೆ.